ಕಾಡಿನ ಮೇಲೆ ಕಡಲು, ಕಡಲಿನ ಮೇಲೆ ಕಾಂಕ್ರೀಟು

ಸಮುದ್ರದ ತಳದಲ್ಲಿ ಕಾಡು! ಪುರಾಣದ ಮಾತಲ್ಲ, ಮುಂಬಯಿಯ ಹಳೆಯ ಗೆಜೆಟಿಯರಿನಲ್ಲಿ ಅಚ್ಚಾಗಿರುವ ಮಾತು. 1870ರ ದಶಕದ ಕೊನೆಯಲ್ಲಿ ಆ ನಗರದ ಪೂರ್ವ ದಂಡೆಯಲ್ಲಿ ಹಡಗುಗಳಿಗಾಗಿ ದೊಡ್ಡದೊಂದು ಕೊಳ ಅಗೆಯುತ್ತಿದ್ದರು. ಕಟ್ಟೆ ಹಾಕಿ ಸಮುದ್ರವನ್ನು ಆಚೆ ನಿಲ್ಲಿಸಿ, ಕೆಸರು ಬಳಿದು, ಜೇಡಿ ತೆಗೆದು, ಇನ್ನೂ ಕೆಳಗಿಳಿದಾಗ ಗುದ್ದಲಿಗೆ ತಾಗಿದ್ದು ಬಂಡೆಯಲ್ಲ, ಮರದ ಬೊಡ್ಡೆ. ಒಂದೆರಡಲ್ಲ, ಮುನ್ನೂರಕ್ಕೂ ಮೀರಿ! ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮರಗಳು ಬೇರು ಬಿಟ್ಟ ನೆಲದಲ್ಲೇ ನೆಟ್ಟಗೆ ನಿಂತಿದ್ದವು. ವೀಳ್ಯಕ್ಕೆ ಹಾಕುವ ಕಾಚು ತೆಗೆಯುತ್ತಾರಲ್ಲ, ಆ ಕಗ್ಗಲಿಯ ಜಾತಿ. ಕೆಲವುಗಳಲ್ಲಿ ಕಡಲಹುಳು ಕೊರೆದ ತೂತುಗಳು. ಎಂದೋ ಒಂದು ಕಾಲದಲ್ಲಿ ನೆಲ ಕುಸಿದು ಕಾಡು ನಿಂತಲ್ಲೇ ಮುಳುಗಿತ್ತು. ಅದರ ಮೇಲೆ ಸಾವಿರಾರು ವರ್ಷ ಅಲೆ ಹೊರಳಿದ್ದವು, ಮೀನುಗಾರರು ಬಲೆ ಬೀಸಿದ್ದರು, ಪೋರ್ಚುಗೀಸರು ಬಂದಿದ್ದರು, ಇಂಗ್ಲಿಷರು ಬಂದಿದ್ದರು. ಯಾರಿಗೂ ಸುಳಿವಿರಲಿಲ್ಲ.

ಆ ಮರಗಳನ್ನು ಕಿತ್ತು ಹಾಕಿದ ಗುಂಡಿಗೆ ಪ್ರಿನ್ಸಸ್ ಡಾಕ್ ಎಂದು ಹೆಸರಾಯಿತು. 1880ರ ಜನವರಿ 1ರಂದು ಅದು ಹಡಗುಗಳಿಗೆ ತೆರೆದುಕೊಂಡಿತು. ಇವತ್ತು ಆ ಜಾಗ ಹುಡುಕಿಕೊಂಡು ಹೊರಟರೆ ಕಾಡೂ ಇಲ್ಲ, ಡಾಕೂ ಇಲ್ಲ. ಮಣ್ಣು ತುಂಬಿ, ಮಟ್ಟ ಮಾಡಿ, ಕಾಂಕ್ರೀಟು ಹಾಸಿಬಿಟ್ಟಿದ್ದಾರೆ! ಒಂದೇ ಜಾಗ ಮೊದಲು ಕಾಡು, ಆಮೇಲೆ ಕಡಲು, ಆಮೇಲೆ ಜಗತ್ತಿನ ಸರಕು ಬಂದಿಳಿಯುವ ಕೊಳ, ಈಗ ಮತ್ತೆ ಒಣನೆಲ. ಇದನ್ನು ಓದಿದ ಮೇಲೆ ಮುಂಬಯಿಯನ್ನು ಮೊದಲಿನಂತೆ ನೋಡುವುದು ನನ್ನಿಂದಾಗಿಲ್ಲ.

ನಾವೆಲ್ಲ ಕಂಡ ಮುಂಬಯಿ ಯಾವುದು ಹೇಳಿ? ಮರೀನ್ ಡ್ರೈವ್, ಚೌಪಾಟಿ, ಜುಹು, ಬಾಂದ್ರಾ. ಎಲ್ಲವೂ ಪಡುವಣ ದಂಡೆ, ಸೂರ್ಯ ಮುಳುಗುವ ಕಡೆ. ಆದರೆ ಊರನ್ನು ಸಾಕಿದ್ದು ಮೂಡಣ ದಂಡೆ! ಕೊಲಾಬಾದ ಸಸೂನ್ ಡಾಕಿನಿಂದ ಶುರುವಾಗಿ ಬಲ್ಲಾರ್ಡ್ ಪಿಯರ್, ಕಾರ್ನಾಕ್ ಬಂದರ್, ಮಸ್ಜಿದ್ ಬಂದರ್, ವಾಡಿ ಬಂದರ್, ಮಝಗಾಂವ್, ದಾರುಖಾನಾ, ಶಿವಡಿಯವರೆಗೆ ಉದ್ದಕ್ಕೂ ಧಕ್ಕೆ, ಗೋದಾಮು, ರೈಲು ಹಳಿ, ಮತ್ತೆ ಧಕ್ಕೆ. ಅದಕ್ಕೆ ಅಡ್ಡಲಾಗಿ ಒಂದು ಗೋಡೆ. ಆ ಗೋಡೆಯ ಪಕ್ಕದಲ್ಲೇ ಬಸ್ಸಿನಲ್ಲಿ ಓಡಾಡುತ್ತ ಜೀವಮಾನ ಕಳೆದವರಿದ್ದಾರೆ, ಅದರಾಚೆ ಸಮುದ್ರವಿದೆ ಎಂದು ಒಮ್ಮೆಯೂ ಕಣ್ಣಾರೆ ಕಾಣದೆ. ಮುಂಬಯಿಯ ಅತಿ ದೊಡ್ಡ ಭೂಮಾಲೀಕರಲ್ಲಿ ಬಂದರು ಸಂಸ್ಥೆಯೂ ಒಂದು, ಅದರ ಕೈಯಲ್ಲಿ ಸುಮಾರು 1,800 ಎಕರೆ! ಅಡಿ ಲೆಕ್ಕದಲ್ಲಿ ಜಾಗ ಮಾರುವ ಊರಿನಲ್ಲಿ ಇಷ್ಟು ದೊಡ್ಡದೊಂದು ನೆಲ ಕಣ್ಣಿಗೆ ಬೀಳದೆ ಇರುವುದೇ ಒಂದು ವಿಚಿತ್ರ.

ಇಷ್ಟಕ್ಕೆಲ್ಲ ಮೂಲ ಯಾವುದು ಎಂದು ಕೆದಕುತ್ತ ಹೋದರೆ ಸಿಗುವುದು ಹತ್ತಿ. ಆ ಹತ್ತಿಯ ಜಾಡು ಹಿಡಿದು ಹೊರಟರೆ, ನಂಬಿ, ನಮ್ಮ ಧಾರವಾಡಕ್ಕೇ ಬಂದು ನಿಲ್ಲುತ್ತೇವೆ!

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ರಾಜ್ಯಗಳ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಲಂಕಾಶೈರಿನ ಗಿರಣಿಗಳಿಗೆ ಹತ್ತಿಯಿಲ್ಲ. ಇಂಗ್ಲೆಂಡಿನ ಕಣ್ಣು ಬಿದ್ದದ್ದು ಮುಂಬಯಿಯ ಮೇಲೆ. ಮುಂದಿನ ನಾಲ್ಕೈದು ವರ್ಷಗಳಲ್ಲಿ ಈ ಊರಿಗೆ ಎಂಟು ಕೋಟಿ ಪೌಂಡಿನಷ್ಟು ಹಣ ಹರಿದು ಬಂತೆಂದು ಆ ಕಾಲದ ಲೆಕ್ಕ. ಗುಜರಾತ್, ವಿದರ್ಭ, ಖಾನದೇಶಗಳ ಹತ್ತಿಯ ಜೊತೆ ನಮ್ಮ ಬಯಲುಸೀಮೆಯದೂ ಸೇರಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲೇ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಬಿತ್ತಿಸಿದ್ದರು. ಕಪ್ಪು ಮಣ್ಣಿನಲ್ಲಿ ಅದು ಹಿಡಿಯಿತು. ಆ ಹತ್ತಿ ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು. ಅಲ್ಲಿಂದ ಪತ್ತೆಮಾರಿಯಲ್ಲಿ ಮುಂಬಯಿಗೆ, ಮುಂಬಯಿಯಲ್ಲಿ ಒತ್ತಿ ಬಿಗಿದ ಬೇಲು ಇಂಗ್ಲೆಂಡಿಗೆ. ಲಿವರ್‌ಪೂಲಿನ ಪೇಟೆಯಲ್ಲಿ ಹತ್ತಿಯ ಒಂದು ತರಗತಿಗೆ ಕುಮಟೆಯ ಹೆಸರೇ ಇತ್ತು! ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಹಡಗು ಹತ್ತಿದ ಊರಿನ ಹೆಸರು ಸರಕಿಗೆ ಅಂಟಿಕೊಂಡಿತ್ತು, ಅಷ್ಟೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಆಸೆ ಇತ್ತು. ಒಂದು ಜಿಲ್ಲೆಯ ಆಡಳಿತದ ಗಡಿ ಹತ್ತಿಯ ಬೇಲಿನ ಹಿಂದೆ ಉರುಳಿ ಹೋಗಿದೆ!

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಮುಂಬಯಿಯ ಷೇರುಪೇಟೆ ಮಕಾಡೆ ಮಲಗಿತು. ಸಾಹುಕಾರರು ದಿವಾಳಿಯೆದ್ದರು. ಆದರೂ ಊರಿಗೆ ರುಚಿ ಹತ್ತಿಬಿಟ್ಟಿತ್ತು. ನಾಲ್ಕು ವರ್ಷಕ್ಕೆ, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಆಫ್ರಿಕಾ ಸುತ್ತಿ ಬರಬೇಕಿದ್ದ ಹಡಗು ಈಗ ಮೂರು ವಾರಕ್ಕೆಲ್ಲ ಬಂದು ಬಾಗಿಲಲ್ಲಿ ನಿಂತಿತು. ಆದರೆ ಬಾಗಿಲು ಎಲ್ಲಿದೆ? ದೊಡ್ಡ ಹಡಗುಗಳು ನಡುನೀರಿನಲ್ಲಿ ಲಂಗರು ಹಾಕಬೇಕು. ಸಣ್ಣ ದೋಣಿಗಳು ಹೋಗಿ ಸರಕು ಇಳಿಸಿಕೊಂಡು, ಖಾಸಗಿಯವರ ಬಂದರುಕಟ್ಟೆಗೆ ತಂದು, ಅವರು ಕೇಳಿದಷ್ಟು ತೆತ್ತು, ಹಮಾಲರ ತಲೆಯ ಮೇಲೆ ಸಾಗಿಸಬೇಕು. ಮಳೆಗಾಲದಲ್ಲಂತೂ ದೇವರೇ ಗತಿ.

1873ರಲ್ಲಿ ಬಾಂಬೆ ಪೋರ್ಟ್ ಟ್ರಸ್ಟ್ ಹುಟ್ಟಿತು. ಅದು ಕಣ್ಣು ಬಿಡುವಷ್ಟರಲ್ಲಿ ಸಸೂನ್ ಮನೆತನದ ಆಲ್ಬರ್ಟ್ ಸಸೂನ್ ಕೊಲಾಬಾದಲ್ಲಿ ತನ್ನ ಸ್ವಂತ ಡಾಕು ಕಟ್ಟಿ 1875ರಲ್ಲಿ ತೆರೆದೇಬಿಟ್ಟ! ಬಾಗ್ದಾದಿನಿಂದ ಬಂದ ಯಹೂದಿ ವ್ಯಾಪಾರಿಗಳ ಕುಟುಂಬ ಅದು. ಅಫೀಮು, ಹತ್ತಿ, ನೂಲಿನಲ್ಲಿ ಹಣ ಮಾಡಿದವರು. ಪಶ್ಚಿಮ ಭಾರತದ ಮೊದಲ ನೀರಿನ ಡಾಕು ಹೀಗೆ ಖಾಸಗಿ ಕೈಯಲ್ಲಿ ಎದ್ದಿತು. ಈಗ ಅಲ್ಲಿ ಮೀನುಪೇಟೆ. ಬೆಳಗಿನ ಜಾವ ಹೋದರೆ ಕಾಲಿಡಲು ಜಾಗವಿಲ್ಲದಷ್ಟು ಬಂಗಡೆ, ಬೊಂಬಿಲ್, ಸಿಗಡಿ. ಹತ್ತಿಯ ಬೇಲು ಇಳಿದ ಕಲ್ಲುಹಾಸಿನ ಮೇಲೆ ಹೆಂಗಸರು ಸಾಲಾಗಿ ಕುಳಿತು ಸಿಗಡಿ ಸುಲಿಯುತ್ತಾರೆ. ಮುಂಬಯಿಯ ಹಳೆಯ ಡಾಕುಗಳಲ್ಲಿ ಯಾರು ಬೇಕಾದರೂ ಹೋಗಿ ಗಿಜಿಗಿಜಿ ಕಾಣಬಹುದಾದದ್ದು ಇದೊಂದೇ ಎನ್ನಬೇಕು.

ಡಾಕು ಎಂದರೆ ಏನು ಎಂಬುದನ್ನು ಇಲ್ಲಿ ನಿಂತು ನೋಡಲೇಬೇಕು, ಏಕೆಂದರೆ ಸೋಜಿಗವೆಲ್ಲ ಅದರಲ್ಲೇ ಇದೆ. ಮುಂಬಯಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಭರತಕ್ಕೂ ಇಳಿತಕ್ಕೂ ನಾಲ್ಕೈದು ಮೀಟರ್ ವ್ಯತ್ಯಾಸ. ಒಂದೂವರೆ ಮಾಳಿಗೆಯಷ್ಟು ನೀರು ದಿನಕ್ಕೆರಡು ಬಾರಿ ಬಂದು ಹೋಗುತ್ತದೆ! ಧಕ್ಕೆಗೆ ಕಟ್ಟಿದ ಹಡಗು ಮಧ್ಯಾಹ್ನ ಕಟ್ಟೆಗಿಂತ ಎತ್ತರ, ಸಂಜೆಗೆ ಕೆಸರಿನಲ್ಲಿ. ಹೀಗಾದರೆ ಸರಕು ಇಳಿಸುವುದು ಹೇಗೆ? ಅದಕ್ಕೆ ದಂಡೆಯಲ್ಲಿ ಕೊಳ ಅಗೆದು, ಸುತ್ತ ಕಲ್ಲು ಕಟ್ಟಿ, ಸಮುದ್ರದ ಕಡೆ ಭಾರಿ ಗೇಟು ಇಡುತ್ತಾರೆ. ಭರತ ಉಕ್ಕಿದಾಗ ಗೇಟು ತೆರೆ, ಹಡಗು ಒಳಕ್ಕೆ, ಗೇಟು ಮುಚ್ಚು. ಹೊರಗೆ ಸಮುದ್ರ ಇಳಿದು ಕೆಸರು ಕಂಡರೂ ಒಳಗಿನ ನೀರು ಅಲುಗುವುದಿಲ್ಲ. ಸಮುದ್ರದ ಒಂದು ತುಂಡನ್ನು ಕೂಡಿಹಾಕುವುದು, ಅಷ್ಟೇ ಉಪಾಯ. ಪ್ರಿನ್ಸಸ್ ಡಾಕು, ಪಕ್ಕದಲ್ಲೇ 1888ರಲ್ಲಿ ತೆರೆದ ವಿಕ್ಟೋರಿಯಾ ಡಾಕು, ಎರಡೂ ಈ ಉಪಾಯದವೇ. ಅಲ್ಲಿಗೆ ಬರುವ ಹಡಗಿನ ಕಪ್ತಾನ ಎಷ್ಟೇ ದೊಡ್ಡ ಮನುಷ್ಯನಾದರೂ ಗೇಟು ತೆರೆಯಬೇಕಾದರೆ ಚಂದ್ರನ ಅಪ್ಪಣೆ ಬೇಕು!

ಮೂರನೆಯದು ಬಂದಾಗ ಮಾತ್ರ ಲೆಕ್ಕವೇ ಬೇರೆ. ಅಲೆಕ್ಸಾಂಡ್ರಾ ಡಾಕ್. 1905ರಲ್ಲಿ ಅಡಿಗಲ್ಲು, 1914ರ ಮಾರ್ಚಿನಲ್ಲಿ ವೈಸರಾಯ್ ಹಾರ್ಡಿಂಜ್ ಕೈಯಲ್ಲಿ ಉದ್ಘಾಟನೆ. ಇದಕ್ಕೆ ಒಂದಲ್ಲ, ಎರಡು ಕಡೆ ಗೇಟಿರುವ ಲಾಕು. 750 ಅಡಿ ಉದ್ದ, 100 ಅಡಿ ಅಗಲ. ಹಡಗು ನಡುವಿನ ಕೋಣೆಯೊಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚಿ, ನೀರಿನ ಮಟ್ಟ ಸರಿ ಮಾಡಿ, ಮುಂದಿನ ಗೇಟು ತೆರೆಯುತ್ತಾರೆ. ಇನ್ನು ಭರತಕ್ಕಾಗಿ ಕಾಯಬೇಕಿಲ್ಲ. ಅಗೆದ ಮಣ್ಣು ಎಲ್ಲಿ ಹೋಯಿತು ಗೊತ್ತೆ? ಪಕ್ಕದ ಸಮುದ್ರಕ್ಕೆ ಸುರಿದರು. ಅಲ್ಲಿ 22 ಎಕರೆ ಹೊಸ ನೆಲ ಎದ್ದಿತು. ಅದೇ ಬಲ್ಲಾರ್ಡ್ ಎಸ್ಟೇಟ್! ಪೋರ್ಟ್ ಟ್ರಸ್ಟಿನ ಮೊದಲ ಅಧ್ಯಕ್ಷ ಬಲ್ಲಾರ್ಡನ ಹೆಸರು, ಗೇಟ್‌ವೇ ಆಫ್ ಇಂಡಿಯಾ ಕಟ್ಟಿದ ಜಾರ್ಜ್ ವಿಟೆಟ್‌ನ ವಿನ್ಯಾಸ. ಇವತ್ತು ಆ ಬೀದಿಯ ಕಲ್ಲಿನ ಕಟ್ಟಡಗಳ ನೆರಳಿನಲ್ಲಿ ನಡೆಯುವವರು ಒಂದು ಡಾಕಿನ ಹೊಟ್ಟೆಯಿಂದ ತೆಗೆದ ಮಣ್ಣಿನ ಮೇಲೆ ನಡೆಯುತ್ತಿದ್ದಾರೆ.

ಅಲ್ಲಿಂದ ಮುಂದಿನ ಅರ್ಧ ಶತಮಾನ ಈ ದಂಡೆ ಕಂಡ ವೈಭವ ಹೇಳಿದರೆ ಮುಗಿಯದು. 1915ರ ಜನವರಿ 1ರಂದು ಬಂದರಿನದೇ ರೈಲ್ವೆ ಓಡಾಟ ಶುರು ಮಾಡಿತು. ವಿಲಾಯಿತಿಯ ಟಪಾಲು ಹಡಗು ಬಲ್ಲಾರ್ಡ್ ಪಿಯರಿಗೆ ಬಂದರೆ ಪಕ್ಕದಲ್ಲೇ ರೈಲು ಸಿದ್ಧ. ಫ್ರಾಂಟಿಯರ್ ಮೇಲ್ ಅಲ್ಲಿಂದಲೇ ಹೊರಟು ಪೇಶಾವರಕ್ಕೆ! ಮೆಸೊಪೊಟೇಮಿಯಾದ ಯುದ್ಧಕ್ಕೆ ಹೋದ ಸೈನಿಕರು ಹಡಗು ಹತ್ತಿದ್ದು ಈ ಡಾಕುಗಳಲ್ಲಿ. 1931ರ ಆಗಸ್ಟಿನಲ್ಲಿ ದುಂಡುಮೇಜಿನ ಪರಿಷತ್ತಿಗಾಗಿ ಗಾಂಧೀಜಿ ರಾಜಪುತಾನಾ ಹಡಗು ಏರಿದ್ದೂ ಈ ಊರಿನಿಂದಲೇ. ಹತ್ತಿಗಾಗಿ ಶಿವಡಿಯಲ್ಲಿ ಹೊಸ ಗೋದಾಮುಗಳ ಊರೇ ಎದ್ದಿತು. ಪಕ್ಕದ ರೈಲು ನಿಲ್ದಾಣ ಇವತ್ತಿಗೂ ಕಾಟನ್ ಗ್ರೀನ್. ಹತ್ತಿ ಹೋಗಿ ಎಷ್ಟು ಕಾಲವಾದರೂ ಲೋಕಲ್ ರೈಲಿನ ಧ್ವನಿವರ್ಧಕ ದಿನಕ್ಕೆ ನೂರು ಸಲ ಅದರ ಹೆಸರು ಕೂಗುತ್ತಿದೆ.

ಇನ್ನು ಡಾಕಿನೊಳಗಿನ ಕೆಲಸ. ಹಡಗಿನ ಹೊಟ್ಟೆಯಲ್ಲಿ ಗೋಣಿಚೀಲ, ಪೀಪಾಯಿ, ಪೆಟ್ಟಿಗೆ, ಬೇಲು, ಕಬ್ಬಿಣದ ಪಟ್ಟಿ, ಎಲ್ಲ ಒಟ್ಟೊಟ್ಟಿಗೆ. ಒಂದು ಗ್ಯಾಂಗು ಕೆಳಗೆ ಇಳಿಯುತ್ತದೆ. ಪ್ರತಿಯೊಬ್ಬನ ಕೈಯಲ್ಲೂ ಗೇಣುದ್ದದ ಕಬ್ಬಿಣದ ಕೊಕ್ಕೆ, ಮರದ ಹಿಡಿ. ಚೀಲದ ಮೂಲೆಗೆ ಕೊಕ್ಕೆ ಚುಚ್ಚಿ, ಎಳೆದು, ಹಗ್ಗದ ಬಲೆಯಲ್ಲಿ ಒಟ್ಟಬೇಕು. ಕೊಕ್ಕೆ ಒಂದಿಷ್ಟು ಆಳ ಹೋದರೆ ಚೀಲ ಹರಿದು ಅಕ್ಕಿ ಸೋರುತ್ತದೆ, ಮೇಲಾದರೆ ಹಿಡಿತ ತಪ್ಪುತ್ತದೆ. ಮೇಲೆ ಒಬ್ಬ ಕೈಸನ್ನೆ ಮಾಡುತ್ತಾನೆ, ವಿಂಚಿನವನು ಆ ಕೈಯನ್ನಷ್ಟೇ ನೋಡುತ್ತಾನೆ. ಬಲೆ ತೂಗಾಡುತ್ತ ಮೇಲೆದ್ದು ಧಕ್ಕೆಗೆ ಇಳಿಯುತ್ತದೆ. ಕೆಳಗೆ ಇನ್ನೊಂದು ಗ್ಯಾಂಗು, ತಲೆಯ ಮೇಲೆ ಸಿಂಬಿ. ಬದಿಯಲ್ಲಿ ಲೆಕ್ಕದ ಗುಮಾಸ್ತ ಒಂದೊಂದು ಬಲೆಗೂ ಒಂದೊಂದು ಗೆರೆ ಎಳೆಯುತ್ತಾನೆ, ಐದಕ್ಕೆ ಅಡ್ಡ ಗೆರೆ. ಒಂದು ಹಡಗು ಖಾಲಿಯಾಗಬೇಕಾದರೆ ವಾರಗಟ್ಟಲೆ. ಬೆಳಿಗ್ಗೆ ಗೇಟಿನ ಮುಂದೆ ನೂರಾರು ಜನ ನಿಂತಿರುತ್ತಿದ್ದರು. ಮುಕಾದಮ ಬೆರಳು ತೋರಿಸಿದವನಿಗೆ ಆ ದಿನದ ಅನ್ನ. ಉಳಿದವರು ಮನೆಗೆ. 1948ರಲ್ಲಿ ಡಾಕು ಕಾರ್ಮಿಕರ ಕಾಯಿದೆ ಬಂದು, ಅದರ ಬೆನ್ನಿಗೆ ನೋಂದಣಿ ಬಂದ ಮೇಲೆ ಆ ಬೆರಳಿನ ಅಧಿಕಾರ ಮುರಿಯುತ್ತ ಬಂತು.

ಕಾಯಿದೆ ತಾನಾಗಿ ಜಾರಿಯಾಗುವುದಿಲ್ಲ, ಜಾರಿ ಮಾಡಿಸಬೇಕು. ಇಲ್ಲಿ ನನಗೆ ಸಿಕ್ಕ ಹೆಸರು ಕಂಡು ಕುರ್ಚಿಯಿಂದ ಎದ್ದೇ ನಿಂತೆ. ಡಾಕಿನ ಗೋಡೆಗುಂಟ ಉದ್ದಕ್ಕೆ ಹೋಗುವ ರಸ್ತೆ, ಹಿಂದಿನ ಫ್ರಿಯರ್ ರೋಡ್, ಈಗ ಪಿ. ಡಿಮೆಲ್ಲೊ ರಸ್ತೆ. ಈ ಪಿ. ಡಿಮೆಲ್ಲೊ ಯಾರು? ನಮ್ಮ ಮಂಗಳೂರು ಸೀಮೆಯಿಂದ ಹೋದ ಪ್ಲಾಸಿಡ್ ಡಿಮೆಲ್ಲೊ! ಮುಂಬಯಿಯ ಡಾಕು ಕಾರ್ಮಿಕರನ್ನು ಸಂಘ ಕಟ್ಟಿ ನಿಲ್ಲಿಸಿದವರು. 1958ರಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತೂ ತುಂಬಿರಲಿಲ್ಲ. ಪಾದ್ರಿಯಾಗಲು ಹೋಗಿ, ಸೆಮಿನರಿ ಬಿಟ್ಟು, ಮುಂಬಯಿಗೆ ಬಂದು ಬೀದಿಬದಿಯಲ್ಲಿ ಮಲಗುತ್ತಿದ್ದ ಇನ್ನೊಬ್ಬ ಮಂಗಳೂರಿನ ಹುಡುಗ ಕೆಲಸ ಕಲಿತದ್ದು ಇವರ ಕೈಕೆಳಗೆ. ಆ ಹುಡುಗನ ಹೆಸರು ಜಾರ್ಜ್ ಫರ್ನಾಂಡಿಸ್. 1974ರಲ್ಲಿ ಇಡೀ ದೇಶದ ರೈಲು ನಿಲ್ಲಿಸಿದ ಮನುಷ್ಯ ಮುಷ್ಕರದ ಅಆಇಈ ಬರೆದದ್ದು ಈ ಬಂದರಿನ ಊರಿನಲ್ಲಿ!

ಇವರಿಬ್ಬರೇ ಅಲ್ಲ. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅದಕ್ಕೂ ಮುಂಚೆ, ಬಸ್ಸುಗಳಿಗೂ ಮುಂಚೆ, ಕರಾವಳಿಯವರಿಗೆ ಮುಂಬಯಿ ಎಂದರೆ ಹಡಗು. ಮಂಗಳೂರು, ಮಲ್ಪೆ, ಹೊನ್ನಾವರ, ಕುಮಟಾ, ಕಾರವಾರ ಹೀಗೆ ದಂಡೆ ಹಿಡಿದು ಹೋಗುವ ಸ್ಟೀಮರು. ಮಳೆಗಾಲದಲ್ಲಿ ಅದೂ ಇಲ್ಲ. ಹೋದವರು ಹೋಟೆಲಿನಲ್ಲಿ ಲೋಟ ತೊಳೆದರು, ರಾತ್ರಿಶಾಲೆಯಲ್ಲಿ ಕನ್ನಡ ಓದಿದರು. ಮೊಗವೀರರಲ್ಲಿ ಅನೇಕರು ಬಂದರಿನಲ್ಲಿ, ಹಡಗು ಕಂಪನಿಗಳಲ್ಲಿ ದುಡಿದರು. ನೀರಿನ ನಂಟು ಅವರಿಗೆ ಹೊಸದಲ್ಲವಲ್ಲ. ಅವರ ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಮಂಗಳೂರು ಹೆಂಚು ಕೂಡ ಇದೇ ದಾರಿ ಹಿಡಿಯಿತು. 1865ರಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಕಾರ್ಖಾನೆಯ ಹೆಂಚು ಹಾಯಿಹಡಗು ಏರಿ ಮುಂಬಯಿಯ ಮಾಡುಗಳನ್ನು ಕೆಂಪಾಗಿಸಿತು.

ಈಗ 1944ಕ್ಕೆ ಬರೋಣ. ಉಸಿರು ಬಿಗಿಹಿಡಿಯಿರಿ.

ಏಪ್ರಿಲ್ 12ರಂದು ಫೋರ್ಟ್ ಸ್ಟಿಕೀನ್ ಎಂಬ ಹಡಗು ಕರಾಚಿಯಿಂದ ಬಂದು ವಿಕ್ಟೋರಿಯಾ ಡಾಕಿನ 1ನೇ ಬರ್ತಿಗೆ ಕಟ್ಟಿಕೊಂಡಿತು. ಅದರೊಳಗೆ ಏನಿತ್ತು ಕೇಳಿ: ಸುಮಾರು 1,400 ಟನ್ ಸ್ಫೋಟಕ, ಟಾರ್ಪಿಡೊ, ಸಿಡಿಗುಂಡು, ಬಿಡಿಭಾಗಗಳಾಗಿ ಯುದ್ಧವಿಮಾನ, ಸೋರುತ್ತಿದ್ದ ಎಣ್ಣೆ ಡ್ರಮ್ಮು, ಮರ, ಕರಾಚಿಯಲ್ಲಿ ತುಂಬಿದ 8,700 ಬೇಲು ಹತ್ತಿ. ಇವೆಲ್ಲ ಸಾಲದೆಂಬಂತೆ 31 ಪೆಟ್ಟಿಗೆಗಳಲ್ಲಿ 124 ಚಿನ್ನದ ಗಟ್ಟಿ! ಒಂದೊಂದೂ ಹನ್ನೆರಡು ಕಿಲೋಗಿಂತ ಹೆಚ್ಚು ತೂಕ. ಲಂಡನ್ನಿನಿಂದ ಇಲ್ಲಿನ ರಿಸರ್ವ್ ಬ್ಯಾಂಕಿಗೆ ಹೊರಟಿದ್ದವು. ಸಾಮಾನ್ಯ ಕಾಲದಲ್ಲಿ ಸ್ಫೋಟಕದ ಹಡಗನ್ನು ಡಾಕಿನೊಳಗೆ ಬಿಡುವುದೇ ಇಲ್ಲ. ಯುದ್ಧದ ಅವಸರ, ಬಿಟ್ಟರು. ಅಪಾಯದ ಕೆಂಪು ಬಾವುಟವನ್ನೂ ಏರಿಸಲಿಲ್ಲ.

14ರ ಮಧ್ಯಾಹ್ನ ಎರಡರ ಹೊತ್ತಿಗೆ ಎರಡನೇ ಹೋಲ್ಡಿನಲ್ಲಿ ಹೊಗೆ ಕಂಡಿತು. ಹತ್ತಿಯ ಬೆಂಕಿ ಹೊರಗೆ ಕಾಣುವುದೇ ಇಲ್ಲ, ಒಳಗೊಳಗೇ ಹೊಗೆಯಾಡುತ್ತದೆ. ಅಗ್ನಿಶಾಮಕದವರು ಬಂದು ಟನ್ನುಗಟ್ಟಲೆ ನೀರು ಸುರಿದರು. ಒಳಗೆ ನೀರು ಕುದಿಯಿತು, ತೇಲಿದ ಬೇಲುಗಳು ಬೆಂಕಿಯನ್ನು ಸ್ಫೋಟಕದ ಹತ್ತಿರಕ್ಕೆ ಎತ್ತಿಕೊಟ್ಟವು. ನಾಲ್ಕು ಗಂಟೆ ದಾಟಿ ಕೆಲವೇ ನಿಮಿಷಕ್ಕೆ ಮೊದಲ ಸ್ಫೋಟ. ಅರ್ಧ ಗಂಟೆಯೊಳಗೆ ಎರಡನೆಯದು, ಮೊದಲಿನದಕ್ಕಿಂತ ದೊಡ್ಡದು. ಪಕ್ಕದ ಬರ್ತಿನಲ್ಲಿದ್ದ ಜಲಪದ್ಮ ಎಂಬ ಸುಮಾರು 4,000 ಟನ್ನಿನ ಹಡಗು ನೀರಿನಿಂದೆದ್ದು ಧಕ್ಕೆಯ ಮೇಲೆ ಬಿತ್ತು, ಅದರ ಹಿಂಭಾಗ ಶೆಡ್ಡಿನ ಮಾಡಿನ ಮೇಲೆ! ದೂರದ ಶಿಮ್ಲಾದ ಭೂಕಂಪಮಾಪಕದ ಮುಳ್ಳು ಅಲುಗಿತು. ಹೊತ್ತಿ ಉರಿಯುವ ಹತ್ತಿ ಆಕಾಶದಿಂದ ಮಸ್ಜಿದ್ ಬಂದರಿನ ಕೇರಿಗಳ ಮೇಲೆ ಸುರಿಯಿತು. ಸತ್ತವರು 800ರಿಂದ 1,300 ಎಂದು ಅಂದಾಜು, ಅವರಲ್ಲಿ 60ಕ್ಕೂ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ. ಮನೆ ಕಳೆದುಕೊಂಡವರು 80,000. ಮುಳುಗಿದ ಅಥವಾ ನಾಶವಾದ ಹಡಗುಗಳೇ ಹದಿಮೂರು.

ಚಿನ್ನ? ಅದೂ ಮಳೆಯಾಯಿತು. ಒಂದು ಗಟ್ಟಿ ಹೆಚ್ಚುಕಡಿಮೆ ಒಂದು ಮೈಲಿ ಹಾರಿ ನಿವೃತ್ತ ಪಾರ್ಸಿ ಎಂಜಿನಿಯರರೊಬ್ಬರ ಮಾಡು ಒಡೆದು ಮೂರನೇ ಮಹಡಿಯ ಜಗಲಿಗೆ ಬಿತ್ತು. ಅವರು ಅದನ್ನು ಒಪ್ಪಿಸಿದರು, 999 ರೂಪಾಯಿ ಬಹುಮಾನ ಪಡೆದರು! ಆ ಒಂದು ರೂಪಾಯಿ ಉಳಿಸಿದ ಗುಮಾಸ್ತನ ಮುಖ ನೋಡಬೇಕು ಎನಿಸುತ್ತದೆ ನನಗೆ. ಡಾಕಿನ ಹೂಳೆತ್ತುವಾಗ 1970ರ ದಶಕದವರೆಗೂ ಚಿನ್ನದ ಗಟ್ಟಿಗಳು ಸಿಗುತ್ತಿದ್ದವು.

ಬ್ರಿಟಿಷರು ಸುದ್ದಿಯನ್ನೇ ಅದುಮಿಟ್ಟರು. ಜಪಾನಿನ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ ಮಾರನೆಯ ದಿನವೇ ಹೇಳಿತು, ನಮ್ಮ ಪತ್ರಿಕೆಗಳು ಮೇ ತಿಂಗಳವರೆಗೆ ಬಾಯಿ ಕಟ್ಟಿಕೊಂಡು ಕೂತವು. ಇಷ್ಟಾಗಿಯೂ ಡಾಕು ಸಾಯಲಿಲ್ಲ! 8,000 ಜನ ಏಳು ತಿಂಗಳು ದುಡಿದು ಐದು ಲಕ್ಷ ಟನ್ ಅವಶೇಷ ಹೊರಹಾಕಿದರು. ಮತ್ತೆ ಗೇಟು ಕೂತವು, ಮತ್ತೆ ಹಡಗು ಬಂದವು. ಏಪ್ರಿಲ್ 14ರಿಂದ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ ಆಚರಿಸುವುದು ಆ ದಿನದ ನೆನಪಿಗೇ.

ಹಾಗಾದರೆ 1,400 ಟನ್ ಸ್ಫೋಟಕಕ್ಕೆ ಜಗ್ಗದ ಬಂದರನ್ನು ಮಲಗಿಸಿದ್ದು ಏನು? ಮುಷ್ಕರ ಎನ್ನುವವರಿದ್ದಾರೆ, ಗಿರಣಿಗಳು ಮುಚ್ಚಿದ್ದರಿಂದ ಎನ್ನುವವರಿದ್ದಾರೆ, ಸರ್ಕಾರದ ಉದಾಸೀನ ಎನ್ನುವವರಿದ್ದಾರೆ. ಎಲ್ಲದರಲ್ಲೂ ಒಂದಿಷ್ಟು ನಿಜವಿದ್ದೀತು. ನನಗೆ ಮಾತ್ರ ಕಾಣುವುದು ಅಳತೆಪಟ್ಟಿ. ಅಲೆಕ್ಸಾಂಡ್ರಾ ಡಾಕಿನ ಲಾಕು 100 ಅಡಿ ಅಗಲ ಎಂದೆನಲ್ಲ, ಅದು ತೆರೆದದ್ದು 1914ರ ಮಾರ್ಚಿನಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಭೂಮಿಯ ಇನ್ನೊಂದು ಬದಿಯಲ್ಲಿ ಪನಾಮಾ ಕಾಲುವೆ ತೆರೆಯಿತು. ಅದರ ಲಾಕುಗಳ ಅಗಲ 110 ಅಡಿ. ಬರೀ ಹತ್ತು ಅಡಿ ಹೆಚ್ಚು! ಆಗ ಯಾರಿಗೂ ಅದು ಲೆಕ್ಕಕ್ಕೆ ಬಂದಿರಲಾರದು. ಆದರೆ ಮುಂದೆ ಹಡಗು ಕಟ್ಟುವವರೆಲ್ಲ ಪನಾಮಾದಲ್ಲಿ ಹಿಡಿಸುವಷ್ಟು ದೊಡ್ಡದು ಎಂಬುದನ್ನೇ ಅಳತೆ ಮಾಡಿಕೊಂಡರು. 32 ಮೀಟರ್ ಅಗಲದ ಹಡಗು ಜಗತ್ತಿನ ವಾಡಿಕೆಯಾಯಿತು. ನಮ್ಮ ಡಾಕಿನ ಬಾಗಿಲು ಮೂವತ್ತೂವರೆ ಮೀಟರ್. ಇಂದಿರಾ ಡಾಕ್ ಎಂದು ಹೆಸರು ಬದಲಾಯಿತು, ಬಾಗಿಲು ಬದಲಾಗಲಿಲ್ಲ. ಹೊರಗೋಡೆಯ ಧಕ್ಕೆಗಳು, ಬಲ್ಲಾರ್ಡ್ ಪಿಯರು ಇದ್ದವು ನಿಜ, ಆದರೆ ಅವು ಎಷ್ಟು ಹಡಗುಗಳನ್ನು ತಾನೇ ಹಿಡಿದಾವು? ಸಮುದ್ರವನ್ನು ಕೂಡಿಹಾಕಿದ ಆ ಗೇಟುಗಳೇ, ಒಂದು ಕಾಲದ ಆ ಜಾಣತನವೇ, ಹೊಸ ಹಡಗುಗಳನ್ನು ಹೊರಗಿಟ್ಟಿತು!

ಅಷ್ಟರಲ್ಲಿ ಕಂಟೇನರ್ ಬಂದಿತ್ತು. 1956ರ ಏಪ್ರಿಲಿನಲ್ಲಿ ಮಾಲ್ಕಂ ಮೆಕ್‌ಲೀನ್ ಎಂಬ ಲಾರಿ ಮಾಲೀಕ ನ್ಯೂಜೆರ್ಸಿಯ ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಒಂದು ಹಳೆಯ ಟ್ಯಾಂಕರಿನ ಮೇಲೆ 58 ಪೆಟ್ಟಿಗೆ ಇಟ್ಟು ಕಳಿಸಿದ. ಕೊಕ್ಕೆ ಬೇಡ, ಸಿಂಬಿ ಬೇಡ, ಬಲೆ ಬೇಡ, ಐದಕ್ಕೆ ಅಡ್ಡ ಗೆರೆ ಎಳೆಯುವ ಗುಮಾಸ್ತನೂ ಬೇಡ. ಕ್ರೇನು ಒಂದು ಪೆಟ್ಟಿಗೆಯನ್ನು ಇಳಿಸಲು ತೆಗೆದುಕೊಳ್ಳುವುದು ಎರಡು ಮೂರು ನಿಮಿಷ. ಆದರೆ ಆ ಪೆಟ್ಟಿಗೆ ಇಡಲು ಬಯಲು ಬೇಕು, ಆಳದ ನೀರು ಬೇಕು, ಊರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳದ ರಸ್ತೆ ಬೇಕು. ಮುಂಬಯಿಯ ದಂಡೆಯಲ್ಲಿ ಮೂರೂ ಇರಲಿಲ್ಲ. ಎದುರು ದಂಡೆಯಲ್ಲಿ ಇದ್ದವು. 1989ರ ಮೇ 26ರಂದು ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ಶುರುವಾಯಿತು. ಈಗ ಅಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಕಂಟೇನರುಗಳ ಲೆಕ್ಕ! ಹಳೆಯ ಡಾಕಿನ ಧಕ್ಕೆಯಲ್ಲಿ ನಿಂತರೆ, ಮಂಜಿಲ್ಲದ ದಿನ, ಅದರ ಕ್ರೇನುಗಳು ಬರಿಗಣ್ಣಿಗೆ ಕಾಣುತ್ತವೆ. ಮನೆಯೆದುರಿಗೇ ಎದ್ದ ಮನೆ.

ಕುಮಟೆಯವರಿಗೆ ಇದು ಹೊಸ ಕಥೆಯಲ್ಲ. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಗೋವೆಯ ಮಾರ್ಮಗೋವಾಕ್ಕೆ ರೈಲು ಹಾಕಿದ ಕೂಡಲೇ ಘಟ್ಟ ಇಳಿಯುತ್ತಿದ್ದ ಹತ್ತಿ ಹಳಿ ಹತ್ತಿ ಬೇರೆ ಕಡೆ ಹೊರಟುಹೋಗಿತ್ತು. ಲಿವರ್‌ಪೂಲಿನವರೆಗೆ ಹೆಸರಾಗಿದ್ದ ಬಂದರಿನ ಮೇಲೆ ಯಾರೂ ದಾಳಿ ಮಾಡಿರಲಿಲ್ಲ. ಸರಕು ದಾರಿ ಬದಲಿಸಿತ್ತು, ಅಷ್ಟೇ.

ಕೊನೆಗೆ ಬಂದದ್ದು ಮಣ್ಣು ತುಂಬುವ ಕಾಲ. 2000ದ ದಶಕದ ಕೊನೆಯಲ್ಲಿ ಮುಂಬಯಿ ಬಂದರು ತನ್ನದೇ ಒಂದು ಹೊರಗಡಲ ಕಂಟೇನರ್ ಟರ್ಮಿನಲ್ ಕಟ್ಟಲು ಹೊರಟಿತು. ಪೆಟ್ಟಿಗೆ ಪೇರಿಸಲು ಅಂಗಳ ಬೇಕಲ್ಲ, ಅದಕ್ಕೆ ಪ್ರಿನ್ಸಸ್ ಮತ್ತು ವಿಕ್ಟೋರಿಯಾ ಡಾಕುಗಳನ್ನು ತುಂಬಿದರು. ಕಾಡು ಸಿಕ್ಕ ಡಾಕು, ಚಿನ್ನ ಸಿಡಿದ ಡಾಕು, ಎರಡೂ ಹೂತುಹೋದವು! ಇಷ್ಟು ಮಾಡಿಯೂ ಆ ಟರ್ಮಿನಲ್ ಅಂದುಕೊಂಡಂತೆ ಕೆಲಸಕ್ಕೆ ಬರಲಿಲ್ಲ. ಅದಕ್ಕಾಗಿ ಕಟ್ಟಿದ ಧಕ್ಕೆಗಳಲ್ಲಿ ಈಗ ಕಾರು ಸಾಗಿಸುವ ಹಡಗುಗಳು ನಿಲ್ಲುತ್ತವೆ. ಕಾರುಗಳನ್ನು ಎತ್ತುವುದೂ ಬೇಡ, ಓಡಿಸಿಕೊಂಡೇ ಹಡಗಿನೊಳಗೆ ಹೋಗುತ್ತಾರೆ. ನನಗೆ ಕೇಳಿದರೆ ಒಂದನ್ನಾದರೂ ಉಳಿಸಿಕೊಳ್ಳಬೇಕಿತ್ತು. ಕೇಳುವವರು ಯಾರು?

ಬಂದರು ಸತ್ತಿಲ್ಲ ಎಂಬುದನ್ನೂ ಹೇಳಬೇಕು. ಕಚ್ಚಾತೈಲ ಇವತ್ತಿಗೂ ಜವಾಹರ್ ದ್ವೀಪದಲ್ಲಿ ಇಳಿಯುತ್ತದೆ, ರಾಸಾಯನಿಕ ಪಿರ್ ಪಾವ್‌ನಲ್ಲಿ, ಉಕ್ಕು ಇಂದಿರಾ ಡಾಕಿನಲ್ಲಿ. ಟನ್ನುಗಳ ಲೆಕ್ಕ ನೋಡಿದರೆ ಹಿಂದಿಗಿಂತ ಕಡಿಮೆಯೇನಲ್ಲ. ಆದರೆ ಕೊಳವೆಯಲ್ಲಿ ಹರಿಯುವ ಎಣ್ಣೆಗೆ ಹಮಾಲ ಬೇಡ. ಬರಿದಾದ ಗೋದಾಮುಗಳ ಆ ವಿಶಾಲ ನೆಲದ ಮೇಲೆ ಸಮಿತಿ ಕೂತಿದೆ, ನಕ್ಷೆ ಬರೆದಿದ್ದಾರೆ, ಉದ್ಯಾನ ಎನ್ನುತ್ತಾರೆ, ವಿಹಾರ ನೌಕೆ ಎನ್ನುತ್ತಾರೆ. ಶಿವಡಿಯ ಕೆಸರಿನಲ್ಲಿ ಮಾತ್ರ ಯಾವ ಸಮಿತಿಯ ಅಪ್ಪಣೆಗೂ ಕಾಯದೆ ಚಳಿಗಾಲದಿಂದ ಮೇವರೆಗೆ ಸಾವಿರಾರು ರಾಜಹಂಸಗಳು ಬಂದು ಕೂರುತ್ತವೆ. ಅವುಗಳ ತಲೆಯ ಮೇಲೆಯೇ 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು, ಸುಮಾರು 22 ಕಿಲೋಮೀಟರ್, ನೇರ ಎದುರು ದಂಡೆಗೆ. ಹಳೆ ಬಂದರಿನ ನೆಲದಿಂದ ಹೊಸ ಬಂದರಿನ ನೆಲಕ್ಕೆ!

ನೋಡಬೇಕೆನಿಸಿದರೆ ಡಾಕಿನ ಗೇಟಿಗೆ ಹೋಗಿ ಪ್ರಯೋಜನವಿಲ್ಲ, ಬಂದೂಕು ಹಿಡಿದವರು ಪಾಸು ಕೇಳುತ್ತಾರೆ. ಹಾರ್ಬರ್ ಲೈನಿನ ಡಾಕ್‌ಯಾರ್ಡ್ ರೋಡ್ ನಿಲ್ದಾಣದಲ್ಲಿ ಇಳಿದು ಭಾವುಚಾ ಧಕ್ಕೆಗೆ ನಡೆಯಿರಿ. ಕರಾವಳಿಯ ಸ್ಟೀಮರುಗಳು ಜನ ಇಳಿಸುತ್ತಿದ್ದ ಧಕ್ಕೆ ಅದು. ರೇವಸ್ ಲಾಂಚಿನ ಟಿಕೀಟು ತೆಗೆದು ಬಲಬದಿಯಲ್ಲಿ ಕೂತುಕೊಳ್ಳಿ. ಮೊದಲು ಸಿಗುವ ಸಪಾಟು ಅಂಗಳದ ಕೆಳಗೇ ಇತ್ತು ಆ ಕಾಡು, ಅದನ್ನು ದಾಟಿದರೆ ಇಂದಿರಾ ಡಾಕಿನ ಉದ್ದನೆಯ ಗೋಡೆ. ಅದೃಷ್ಟವಿದ್ದರೆ ಲಾಕಿನೊಳಗೆ ಹಡಗು ನುಸುಳುವುದು ಕಂಡರೂ ಕಂಡೀತು. ಎರಡೂ ಬದಿ ಎಷ್ಟು ಜಾಗ ಉಳಿಯುತ್ತದೆ ಎಂದು ನೀವೇ ಅಳೆದುಕೊಳ್ಳಿ.